ಬೀರುವಿನ ಬೀಗದ ಕೈ

ನಮ್ಮ ಹೈಸ್ಕೂಲುಗಳಲ್ಲಿ ಸಂಘಗಳಿಗೇನೂ ಬರವಿಲ್ಲ. ವಿಜ್ಞಾನ ಸಂಘ, ಸಾಹಿತ್ಯ ಸಂಘ, ಕ್ರೀಡಾ ಸಂಘ. ಕೇಂದ್ರ ಪರಿಸರ ಸಚಿವಾಲಯ 2001-02ರಲ್ಲಿ ರಾಷ್ಟ್ರೀಯ ಹಸಿರು ಪಡೆ ಶುರುಮಾಡಿದ ಮೇಲೆ ಇಕೋ ಕ್ಲಬ್ಬೂ ಸೇರಿತು. ಜೂನ್ 5ರ ಪರಿಸರ ದಿನಕ್ಕೆ ಹೋದ ವರ್ಷದ ಗುಂಡಿಯಲ್ಲೇ ಇನ್ನೊಂದು ಸಸಿ. ಆಮೇಲೊಂದು ಉದ್ಘಾಟನೆ, ಹಾರ, ಭಾಷಣ, ಗ್ರೂಪ್ ಫೋಟೋ. ಅಲ್ಲಿಗೆ ಸಂಘ ರಿಜಿಸ್ಟರಿನೊಳಗೆ ಮಲಗಿತು.

ನಿಜವಾದ ಆಸಕ್ತಿ ಬೇರೆಲ್ಲೋ ಇರುತ್ತದೆ. ಯಾವ ಮರದಲ್ಲಿ ಯಾವ ಹಕ್ಕಿ ಗೂಡು ಕಟ್ಟಿದೆ ಅಂತ ಲೆಕ್ಕ ಇಟ್ಟಿರುವ ಹುಡುಗ, ಕೆಟ್ಟ ರೇಡಿಯೋ ಬಿಚ್ಚಿ ಜೋಡಿಸುವ ಹುಡುಗಿ, ಹಿಂದಿನ ಬೆಂಚಿನಲ್ಲಿ ಕದ್ದು ಚೆಸ್ ಆಡುವ ಜೋಡಿ (ಮೇಷ್ಟ್ರಿಗೂ ಗೊತ್ತು). ಇವರಿಗೆ ಅಧ್ಯಕ್ಷ, ಕಾರ್ಯದರ್ಶಿ ಯಾರೂ ಬೇಡ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಒಂದು ಕೊಠಡಿ ಬಿಟ್ಟುಕೊಡಿ, ಮೈಕ್ರೋಸ್ಕೋಪ್ ಇಟ್ಟ ಬೀರುವಿನ ಬೀಗದ ಕೈ ಕೊಡಿ. ಲೆನ್ಸು ಒಡೆದರೆ ಯಾರು ಹೊಣೆ ಅಂತೀರಾ? ಬೂಷ್ಟು ಹಿಡಿದಾಗ ಯಾರೂ ಕೇಳಲಿಲ್ಲವಲ್ಲ!