ಕೊದಾಯ್ ಮೇಷ್ಟ್ರ ಒಂದನೇ ಕ್ಲಾಸು

ಸ್ಪೀಲ್‌ಬರ್ಗ್‌ನ ಹಳೆಯ ಸಿನಿಮಾ ಒಂದಿದೆ, ‘ಕ್ಲೋಸ್ ಎನ್‌ಕೌಂಟರ್ಸ್ ಆಫ್ ದ ಥರ್ಡ್ ಕೈಂಡ್’, 1977ರದು. ಅನ್ಯಗ್ರಹದ ಅತಿಥಿಯ ಎದುರು ನಿಂತ ವಿಜ್ಞಾನಿ ಬಾಯಿ ಬಿಡುವುದಿಲ್ಲ. ಕೈಯನ್ನು ಮೇಲೆ ಕೆಳಗೆ ಮಾಡಿ ಐದು ಸ್ವರ ತೋರಿಸುತ್ತಾನೆ. ಅತಿಥಿಯೂ ಕೈಯಲ್ಲೇ ಉತ್ತರ ಕೊಡುತ್ತದೆ. ನಾವೆಲ್ಲ ರೋಮಾಂಚನಗೊಂಡು ನೋಡುವ ದೃಶ್ಯ. ಹಂಗೇರಿಯ ಮಕ್ಕಳಿಗೆ ಮಾತ್ರ ಅದು ಪ್ರೈಮರಿ ಶಾಲೆಯ ಪಾಠ.

ಆ ಪಾಠವನ್ನು ಶಾಲೆಗೆ ತಂದವರು ಜೋಲ್ತಾನ್ ಕೊದಾಯ್. ಹುಟ್ಟಿದ್ದು 1882ರಲ್ಲಿ, ಕೆಚ್‌ಕೆಮೇಟ್ ಎಂಬ ಊರಲ್ಲಿ. ಅಪ್ಪ ರೈಲ್ವೆ ನೌಕರ, ಹವ್ಯಾಸಿ ವಾದಕ. ಮನೆಯ ವಾದ್ಯಗೋಷ್ಠಿಗೆ ಚೆಲ್ಲೋದವರು ಇಲ್ಲವೆಂದು ಹುಡುಗ ತಾನೇ ಚೆಲ್ಲೋ ಕಲಿತನಂತೆ. ಮುಂದೆ ಬುಡಾಪೆಸ್ಟಿನಲ್ಲಿ ಒಂದು ಕಡೆ ಹಂಗೇರಿಯನ್ ಮತ್ತು ಜರ್ಮನ್ ಭಾಷೆಗಳ ಓದು, ಇನ್ನೊಂದು ಕಡೆ ಸಂಗೀತ ಅಕಾಡೆಮಿ. 1906ರಲ್ಲಿ ಡಾಕ್ಟರೇಟ್ ಬಂದದ್ದು ಜನಪದ ಗೀತೆಗಳ ಚರಣರಚನೆಯ ಮೇಲಿನ ಪ್ರಬಂಧಕ್ಕೆ. ಮರುವರ್ಷ ಅದೇ ಅಕಾಡೆಮಿಯಲ್ಲಿ ಮೇಷ್ಟ್ರಾದರು. ಗೆಳೆಯ ಬಾರ್ತೋಕ್ ಮತ್ತು ಇವರು ಫೋನೋಗ್ರಾಫ್ ಹೊತ್ತು ಹಳ್ಳಿಗಳನ್ನು ಸುತ್ತಿ, ಮುದುಕ ಮುದುಕಿಯರ ಹಾಡನ್ನು ಮೇಣದ ಸಿಲಿಂಡರಿಗೆ ಇಳಿಸುತ್ತಿದ್ದ ಕಾಲ ಅದು.

ದೊಡ್ಡ ಕೃತಿಗಳೂ ಬಂದವು. 1926ರ ‘ಹಾರಿ ಯಾನೋಶ್’ ಆರ್ಕೆಸ್ಟ್ರಾದ ಒಂದು ಭಾರಿ ಸೀನಿನಿಂದ ಶುರುವಾಗುತ್ತದೆ! ಕಥೆ ಕೇಳುವವನು ಸೀನಿದರೆ ಕಥೆ ನಿಜ ಎಂಬುದು ಆ ಕಡೆಯ ನಂಬಿಕೆ. (ಹೊರಡುವ ಮುಂಚೆ ಒಂಟಿ ಸೀನು ಬಿದ್ದರೆ ಚಪ್ಪಲಿ ಬಿಟ್ಟು ಒಳಗೆ ಬರುವ ನಮ್ಮವರು ಇದನ್ನು ಒಪ್ಪಲಾರರು.) ಇಷ್ಟು ಹಾಸ್ಯ, ಇಷ್ಟು ಹೆಸರು ಇದ್ದವರು ಆಮೇಲಿನ ಬದುಕಿನ ಬಹುಪಾಲನ್ನು ಆರು ವರ್ಷದ ಮಕ್ಕಳ ಗಂಟಲಿಗೆ ಕೊಟ್ಟುಬಿಟ್ಟರು. ಶಾಲೆಯ ಮಕ್ಕಳು ಕಲಿತು ಬಂದ ಹಾಡುಗಳ ಮಟ್ಟ ಕೇಳಿ ಗಾಬರಿಯಾದದ್ದೇ ಕಾರಣ. ಒಪೆರಾದ ನಿರ್ದೇಶಕ ಕೆಟ್ಟವನಾದರೆ ಬೇಗ ಜಾಗ ಖಾಲಿ ಮಾಡುತ್ತಾನೆ, ಹಳ್ಳಿಯ ಹಾಡಿನ ಮೇಷ್ಟ್ರು ಕೆಟ್ಟವನಾದರೆ ಮೂವತ್ತು ವರ್ಷ ಸಂಗೀತವನ್ನು ಕೊಲ್ಲುತ್ತಲೇ ಇರುತ್ತಾನೆ ಎಂಬರ್ಥದ ಅವರ ಮಾತು ಪ್ರಸಿದ್ಧ. ಅಕಾಡೆಮಿಯ ಪ್ರೊಫೆಸರೊಬ್ಬರು ತನ್ನ ಕುರ್ಚಿಗಿಂತ ಹಳ್ಳಿ ಮೇಷ್ಟ್ರ ಕುರ್ಚಿ ದೊಡ್ಡದು ಎನ್ನುವುದು ದಿನವೂ ಕೇಳಿಬರುವ ಮಾತಲ್ಲ.

ಅವರ ಹೆಸರಿನ ಪದ್ಧತಿಯಲ್ಲಿ ಅರ್ಧಕ್ಕರ್ಧ ಎರವಲು ಎಂದು ಮೂಗು ಮುರಿಯುವವರಿದ್ದಾರೆ. ನಿಜವೇ. ಕೈಸನ್ನೆ ಇಂಗ್ಲೆಂಡಿನ ಜಾನ್ ಕರ್ವೆನ್ ಎಂಬ ಪಾದ್ರಿಯದು, ಲಯದ ಸೊಲ್ಲುಗಳು ಫ್ರಾನ್ಸಿನವು. ನನಗದು ದೋಷವೆನಿಸುವುದಿಲ್ಲ. ಮಕ್ಕಳಿಗೆ ಮೊದಲು ಏನು ಹಾಡಿಸಬೇಕು ಎಂಬ ನಿರ್ಧಾರ ಇದೆಯಲ್ಲ, ಅದು ಹಳ್ಳಿ ಹಳ್ಳಿ ಸುತ್ತಿದ ಮನುಷ್ಯನದು.

ಕರ್ನಾಟಕ ಸಂಗೀತದ ಕಿವಿಯವರಿಗೆ ಮಜಾ ಇರುವುದೇ ಇಲ್ಲಿ. ಅವರ ‘ದೊ’ ನಮ್ಮ ಷಡ್ಜದ ಹಾಗೆ, ಶ್ರುತಿ ಎಲ್ಲಿಟ್ಟರೆ ಅಲ್ಲಿ. ಪಾಠ ಮಾತ್ರ ‘ದೊ’ದಿಂದ ಶುರುವಾಗುವುದಿಲ್ಲ. ಪಂಚಮದಿಂದ ಗಾಂಧಾರಕ್ಕೆ ಇಳಿಯುವ ಎರಡೇ ಸ್ವರ; ಬೀದಿಯಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಕೂಗುವ ಧಾಟಿ. ಆಮೇಲೆ ಧೈವತ, ನಿಧಾನವಾಗಿ ಮಿಕ್ಕವು. ಐದು ಸೇರುವ ಹೊತ್ತಿಗೆ ಮೋಹನದ ಸ್ವರಗಳು ಕೈಗೆ ಬಂದಿರುತ್ತವೆ. ಹಂಗೇರಿಯ ಹಳೆಯ ಹಾಡುಗಳಲ್ಲಿ ಎಷ್ಟೋ ಇನ್ನೂ ಹತ್ತಿರದವು. ಅವುಗಳ ಸ್ವರಗಳನ್ನು ಸಾಲಾಗಿ ಇಟ್ಟರೆ ಶುದ್ಧ ಧನ್ಯಾಸಿ. ಅರ್ಧ ಸ್ವರದ ಅಂತರ ಎಳೆಯ ಗಂಟಲಿಗೆ ಕಷ್ಟ, ಅದು ತಡವಾಗಿ ಬರಲಿ ಎಂಬುದು ಕೊದಾಯ್ ಅವರ ಲೆಕ್ಕ.

ನಾವು ಮಾಡುವುದು ನೇರ ತಿರುಗುಮುರುಗು. ಪುರಂದರದಾಸರ ಹೆಸರಿನಲ್ಲಿ ಬಂದ ಕ್ರಮದಂತೆ ಮೊದಲ ದಿನವೇ ಮಾಯಾಮಾಳವಗೌಳ. ಸ-ರಿ ಅಂಟಿಕೊಂಡಿವೆ, ಗ-ಮ ಅಂಟಿಕೊಂಡಿವೆ, ಪ-ದ, ನಿ-ಸ ಕೂಡ. ಕಷ್ಟದ್ದನ್ನು ಮೊದಲು ಅರೆದು ಕುಡಿಸಿದರೆ ಮುಂದಿನದು ಸಲೀಸು ಎಂಬ ಧೈರ್ಯ ನಮ್ಮದು. ಕಛೇರಿಗೆ ಕೂರುವ ಮಗುವಿಗೆ ಇದು ಸರಿ. ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕೊದಾಯ್ ಯೋಚಿಸಿದ್ದು ಉಳಿದ ಮಕ್ಕಳನ್ನು, ಎಂದೂ ವೇದಿಕೆ ಹತ್ತದೆ ಅಂಗಡಿ ಇಡುವ, ಹೊಲ ಉಳುವ ಮಕ್ಕಳನ್ನು. ಅವರೂ ಪತ್ರಿಕೆ ಓದುವಷ್ಟು ಸಹಜವಾಗಿ ಸ್ವರಲಿಪಿ ಓದಬೇಕು ಎಂಬ ಹಟ. ಅದಕ್ಕಾಗಿ ಬರೆದ 333 ಪುಟ್ಟ ಅಭ್ಯಾಸಗಳ ಪುಸ್ತಕ ಬಂದದ್ದು 1943ರಲ್ಲಿ, ಮಹಾಯುದ್ಧದ ನಡುವೆ. ಹಾಡನ್ನೇ ಮುಖ್ಯ ಪಾಠವಾಗಿಸಿಕೊಂಡ ಪ್ರೈಮರಿ ಶಾಲೆ ಅವರು ಹುಟ್ಟಿದೂರಿನಲ್ಲೇ 1950ರಲ್ಲಿ ಶುರುವಾಯಿತು. ಮರುವರ್ಷ ಹಂಗೇರಿಯ ಜನಪದ ಸಂಗೀತದ ಬೃಹತ್ ಸಂಪುಟಗಳ ಮೊದಲನೆಯದು ಹೊರಬಂತು. ಅದನ್ನು ಪೂರ್ತಿ ಮಕ್ಕಳ ಆಟದ ಹಾಡುಗಳಿಗೇ ಬಿಟ್ಟುಕೊಟ್ಟಿದ್ದರು.

ಒಂದು ತಕರಾರೂ ಇದೆ ನನ್ನದು. ಜನಪದ ಗೀತೆಯೇ ಮಗುವಿನ ಸಂಗೀತದ ತಾಯಿನುಡಿ ಎಂದು ಅವರು ಪಟ್ಟು ಹಿಡಿದರು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಬೆಳೆದ ಮಗುವಿಗೆ ಆ ತಾಯಿನುಡಿ ಯಾವುದು? ನನಗನಿಸುವಂತೆ ಸಿನಿಮಾ ಹಾಡು. ಕೊದಾಯ್ ಕೇಳಿದ್ದರೆ ಮುಖ ಸಿಂಡರಿಸುತ್ತಿದ್ದರು.

ಸರಿ, ಜನಪದವೇ ಇರಲಿ ಎಂದುಕೊಂಡರೂ ಸಂಗೀತದ ಮೇಷ್ಟ್ರು ತೊಡಕಿಗೆ ಸಿಕ್ಕಿಕೊಳ್ಳುತ್ತಾರೆ. ಹಲಸಂಗಿ ಗೆಳೆಯರ ‘ಗರತಿಯ ಹಾಡು’ 1931ರಷ್ಟು ಹಿಂದೆಯೇ ಬಂತು. ಆಮೇಲೆ ಬಂದ ಸಂಗ್ರಹಗಳಿಗೂ ಬರವಿಲ್ಲ. ಆದರೆ ನಾವು ಕಾವ್ಯ ಕಂಡಷ್ಟು ಆಸೆಯಿಂದ ಧಾಟಿಯನ್ನು ಕಾಣಲಿಲ್ಲ; ಪುಸ್ತಕ ತುಂಬ ಸಾಹಿತ್ಯವಿದೆ, ಸ್ವರ ಹಾಕಿದ್ದು ಅಪರೂಪ. ಒಂದೇ ತ್ರಿಪದಿಯನ್ನು ಬೀಸುವಾಗ ಒಂದು ಧಾಟಿಯಲ್ಲಿ, ಕುಟ್ಟುವಾಗ ಇನ್ನೊಂದು ಧಾಟಿಯಲ್ಲಿ ಹೇಳುತ್ತಿದ್ದ ಅಜ್ಜಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ಸಂಗೀತ ವಿಭಾಗದ ಯಾರಾದರೂ ಅವರ ಜಗಲಿಯಲ್ಲಿ ಹೋಗಿ ಕೂತು, ಮೊದಲು ಸ್ವರ ಬರೆದುಕೊಂಡು, ಪದಗಳನ್ನು ಆಮೇಲೆ ಕೇಳಬಹುದು.