ಬೆಣಿ ಇದ್ದದ್ದು ತೊಗೊಂಡ ಬಾ

ಕಳೆದ ವರ್ಷದ ಬೋನಸ್ಸಿನಲ್ಲಿ ಯಾರು ಏನು ತಗೊಂಡಿರಿ ಅಂತ ನಮ್ಮ ಟೀಮಿನಲ್ಲಿ ಮಾತು ಬಂತು. ಒಬ್ಬ ಗೋವಾ ಟ್ರಿಪ್ ಅಂದ, ಒಬ್ಬಳು ಇಯರ್‌ಫೋನ್ ಅಂದಳು. ನಾನು ‘ಟೂಲ್ ಪೋಸ್ಟ್’ ಅಂದೆ. ಪಕ್ಕದ ಸೀಟಿನವನು ಒಂದು ಕ್ಷಣ ಯೋಚಿಸಿ ಕೇಳಿದ: ‘ಪೋಸ್ಟ್‌ಮನ್ ಥರಾನಾ? ಎಪಿಐ ಟೆಸ್ಟಿಂಗಿಗಾ?’

ಅಲ್ಲ ಮಾರಾಯ. ಟೂಲ್ ಪೋಸ್ಟ್ ಅಂದರೆ ಲೇತ್ ಮಷಿನ್ನಿನ ಮೇಲೆ, ಕಬ್ಬಿಣ ಕತ್ತರಿಸುವ ಟೂಲನ್ನು ಬಿಗಿಯಾಗಿ ಹಿಡಿದು ನಿಲ್ಲಿಸುವ ಉಕ್ಕಿನ ಗಟ್ಟಿ. ತಿರುಗುವುದು ಕಬ್ಬಿಣ, ಅಲುಗದೆ ನಿಲ್ಲಬೇಕಾದದ್ದು ಟೂಲು. ಹಳೆಯ ನಮೂನೆಯದು ಚೌಕ, ನಾಲ್ಕು ಮಗ್ಗುಲಿಗೆ ನಾಲ್ಕು ಟೂಲು. ಹೊಸ ನಮೂನೆಯದಕ್ಕೆ ಕ್ವಿಕ್-ಚೇಂಜ್ ಅಂತಾರೆ: ಪ್ರತಿ ಟೂಲಿಗೂ ಅದರದೇ ಹೋಲ್ಡರು, ಹಿಡಿಕೆ ಒಂದು ಸುತ್ತು ತಿರುವಿದರೆ ಒಂದು ಹೋಗಿ ಇನ್ನೊಂದು ಬರುತ್ತದೆ.

ಇದನ್ನು ತಗೊಂಡದ್ದು ನನಗಲ್ಲ, ಅಪ್ಪನಿಗೆ.

ನಮ್ಮದು ಚಿಕ್ಕೋಡಿ. ಅಪ್ಪ ಅಥಣಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವನು. ರಿಟೈರ್ ಆದ ಮೇಲೆ ಆರು ತಿಂಗಳು ಮನೆಯಲ್ಲಿ ಕೂತ, ಅವ್ವನ ತಲೆ ತಿಂದ. 2019ರ ಆಗಸ್ಟಿನಲ್ಲಿ ಕೃಷ್ಣೆ ಏರಿ ಬಂದಳಲ್ಲ, ಆಗ ಕಾಗವಾಡ ಕಡೆ ಹೊಳಿದಂಡಿಯ ಒಂದು ವರ್ಕ್‌ಶಾಪು ನೀರಲ್ಲಿ ನಿಂತುಬಿಟ್ಟಿತು. ಅಲ್ಲಿದ್ದ ನಾಲ್ಕೂವರೆ ಫೂಟಿನ ಲೇತನ್ನು ಅವರು ಗುಜರಿ ತೂಕಕ್ಕೆ ಹಾಕುವುದರಲ್ಲಿದ್ದರು. ಅಪ್ಪ ಟ್ರಾಲಿಯಲ್ಲಿ ಹೇರಿಕೊಂಡು ಬಂದ. ಹಿತ್ತಲಿನ ಪತ್ರಾಸ್ ಶೆಡ್ಡಿನಲ್ಲಿಟ್ಟು ರಾಕೆಲ್, ಡೀಸೆಲ್, ಪಾಲಿಶ್ ಪೇಪರ್ ಹಿಡಿದು ತಿಂಗಳುಗಟ್ಟಲೆ ತುಕ್ಕು ತಿಕ್ಕಿದ. ಮೋಟರ್ ರಿವೈಂಡ್ ಮಾಡಿಸಿದ. ಲೇತ್ ತಿರುಗಿತು.

ಅವತ್ತಿನಿಂದ ಅದು ಅಪ್ಪನ ಅಂಗಡಿ ಅಲ್ಲ, ಕಟ್ಟೆ. ಕಬ್ಬಿನ ಸೀಸನ್ನಿನಲ್ಲಿ ಟ್ರಾಲಿ ಪಿನ್ನು, ಬುಶ್ಶು. ಬೇಸಿಗೆಯಲ್ಲಿ ಪಂಪಿನ ಶಾಫ್ಟು. ರಾಯಬಾಗದಿಂದ ಒಬ್ಬರು ಬರುತ್ತಾರೆ, ಒಂದು ಪುಲ್ಲಿಗೆ ಎರಡು ತಾಸು ಮಾತಾಡಿ ಹೋಗುತ್ತಾರೆ. ರೊಕ್ಕ ಕೊಡುವವರು ಕೊಡುತ್ತಾರೆ.

ಹೋದ ವರ್ಷ ಸಂಕ್ರಾಂತಿ ಮುಗಿದ ವಾರ ಅವ್ವ ಫೋನ್ ಮಾಡಿದಳು. ‘ನಿಮ್ಮಪ್ಪಗ ಹುಬ್ಬಿನ ಮ್ಯಾಲ ಮೂರು ಹೊಲಿಗಿ ಹಾಕ್ಯಾರ. ನಾ ಶೆಡ್ಡಿಗೆ ಕೀಲಿ ಹಾಕ್ತೀನಿ, ನೀ ಬಂದು ಆ ಮಷಿನ್ ಮಾರು.’

ರಾಡು ಕತ್ತರಿಸಿ ಬೇರೆ ಮಾಡುವ ಪಾರ್ಟಿಂಗ್ ಟೂಲು ಮುರಿದು ಚೂರು ಹಾರಿತ್ತು. ಚಸ್ಮಾ ಇದ್ದದ್ದಕ್ಕೆ ಕಣ್ಣು ಉಳಿಯಿತು. ಅಪ್ಪ ‘ಟೂಲಿನ ದ್ವಾಷ’ ಅಂದ. ನಾನು ಪಕ್ಕದಲ್ಲಿ ನಿಂತು ಎರಡು ದಿನ ನೋಡಿದೆ. ದೋಷ ಟೂಲಿನದಾಗಿರಲಿಲ್ಲ.

ಟೂಲಿನ ತುದಿ, ತಿರುಗುವ ಕಬ್ಬಿಣದ ನಟ್ಟ ನಡುವಿನ ಎತ್ತರಕ್ಕೆ ಇರಬೇಕು. ಮೇಲಾದರೆ ಕತ್ತರಿಸದೆ ಉಜ್ಜುತ್ತದೆ. ಕೆಳಗಾದರೆ ಮುಖ ಸಾಪು ಮಾಡುವಾಗ ನಡುವೆ ಒಂದು ಮೊಳಕೆ ಉಳಿಯುತ್ತದೆ. ಪಾರ್ಟಿಂಗಿನಲ್ಲಾದರೆ ಕಬ್ಬಿಣವೇ ಟೂಲಿನ ಮೇಲೆ ಹತ್ತಿ ಕೂತು ಮುರಿಯುತ್ತದೆ. ಚೌಕದ ಪೋಸ್ಟಿನಲ್ಲಿ ಈ ಎತ್ತರ ತರುವುದು ಪ್ಯಾಕಿಂಗ್ ಇಟ್ಟು. ಅಂದರೆ ಟೂಲಿನ ಕೆಳಗೆ ತೆಳು ಪಟ್ಟಿಗಳು. ಅಪ್ಪನ ಹತ್ತಿರ ಒಂದು ಡಬ್ಬಿ ತುಂಬ ಇವೆ: ಮುರಿದ ಹ್ಯಾಕ್ಸಾ ಬ್ಲೇಡು, ಪತ್ರಾದ ತುಂಡು, ನಿಪ್ಪಾಣಿಯ ಹಳೇ ತಂಬಾಕಿನ ಡಬ್ಬಿ ಕತ್ತರಿಸಿದ ಹಾಳೆ. ಬೆರಳಲ್ಲಿ ಮುಟ್ಟಿದರೆ ಯಾವುದು ಎಷ್ಟು ದಪ್ಪ ಅಂತ ಹೇಳುತ್ತಿದ್ದ ಮನುಷ್ಯ. ಈಗ ಒಂದು ಕಣ್ಣಿಗೆ ಮೋತಿಬಿಂದು ಆಪರೇಶನ್ ಆಗಿದೆ, ಇನ್ನೊಂದಕ್ಕೆ ಆಗಬೇಕು. ಪಟ್ಟಿ ಒಳಗೆ ಸರಿಸುವಾಗ ಬೆರಳು ನಡುಗಿ ಒಂದು ಹೆಚ್ಚೋ ಒಂದು ಕಡಿಮೆಯೋ ಆಗುತ್ತದೆ. ತನಗೆ ಗೊತ್ತಾಗುತ್ತಿಲ್ಲ ಅನ್ನುವುದು ಅಪ್ಪನಿಗೆ ಗೊತ್ತಿತ್ತು. ಅದನ್ನು ನನ್ನ ಬಾಯಲ್ಲಿ ಕೇಳಲು ಇಷ್ಟವಿರಲಿಲ್ಲ, ಅಷ್ಟೆ.

ಕ್ವಿಕ್-ಚೇಂಜ್ ಹೋಲ್ಡರಿನಲ್ಲಿ ಪ್ಯಾಕಿಂಗೇ ಇಲ್ಲ. ಪ್ರತಿ ಹೋಲ್ಡರಿಗೂ ಮೇಲೆ ಒಂದು ಸ್ಕ್ರೂ, ಅದರ ಮೇಲೆ ಗುಂಡು ನಟ್ಟು. ಒಮ್ಮೆ ಎತ್ತರ ಹೊಂದಿಸಿ ಲಾಕ್ ಮಾಡಿದರೆ ತೆಗೆದು ಹಾಕಿದರೂ ಅದೇ ಎತ್ತರ. ನಾನು ಸಮಸ್ಯೆ ಬಗೆಹರಿಯಿತು ಅಂದುಕೊಂಡೆ. ಸಾಫ್ಟ್‌ವೇರಿನವರು ಹಾಗೇ ಅಂದುಕೊಳ್ಳುತ್ತೇವೆ.

ಮೊದಲ ತಪ್ಪು ನಾನೇ ಮಾಡಿದೆ. ಬೆಂಗಳೂರಿಗೆ ವಾಪಸ್ ಬರುವ ಬಸ್ಸಿನಲ್ಲೇ ಆನ್‌ಲೈನಿನಲ್ಲಿ ಅತಿ ಅಗ್ಗದ್ದೊಂದು ಆರ್ಡರ್ ಹಾಕಿದೆ. ಅಲ್ಯೂಮಿನಿಯಮ್ಮಿನದು, ನೋಡಲು ಆಟಿಕೆಯಷ್ಟು ಚೆಂದ. ಅದು ಟೇಬಲ್ ಮೇಲಿಡುವ ಮಿನಿ ಲೇತಿಗೆ ಮಾಡಿದ್ದು. ನಮ್ಮದಕ್ಕೆ ಗೂಳಿಗೆ ಕರುವಿನ ದಾಬು ಕಟ್ಟಿದ ಹಾಗಾಯಿತು. ಎರಡನೇ ದಿನಕ್ಕೆ ಟೂಲು ಬಿಗಿಯುವ ಸ್ಕ್ರೂ ಆಂಟೆಯೇ ಕಿತ್ತು ಬಂತು. ಅಪ್ಪ ಏನೂ ಅನ್ನಲಿಲ್ಲ. ಅದನ್ನು ಒರೆಸಿ, ಡಬ್ಬಿಗೆ ಹಾಕಿ, ಡಬ್ಬಿಯನ್ನು ನನ್ನ ಬ್ಯಾಗಿನ ಮೇಲಿಟ್ಟ.

ಆಮೇಲೆ ಓದಿದೆ. ಈ ಪೋಸ್ಟುಗಳ ಅಳತೆಗೆ ಅಮೆರಿಕದ ಅಲೋರಿಸ್ ಕಂಪನಿಯ ಪದ್ಧತಿಯೇ ಬಹುತೇಕ ಎಲ್ಲರಿಗೂ ಮಾದರಿ. ಎ-ಎಕ್ಸ್-ಎ ಅಂದರೆ ಸುಮಾರು ಹನ್ನೆರಡು ಇಂಚಿನ ಸ್ವಿಂಗ್‌ವರೆಗಿನ ಲೇತಿಗೆ, ಬಿ-ಎಕ್ಸ್-ಎ ಅದಕ್ಕಿಂತ ದೊಡ್ಡದಕ್ಕೆ, ಸೊನ್ನೆ-ಎಕ್ಸ್-ಎ ಚಿಕ್ಕದಕ್ಕೆ. ನಮ್ಮದು ಆರು ಇಂಚಿನ ಸೆಂಟರ್, ಅಂದರೆ ಹನ್ನೆರಡರ ಸ್ವಿಂಗ್, ಎ-ಎಕ್ಸ್-ಎ ಸಾಕು. ಆದರೆ ಸ್ವಿಂಗ್ ನೋಡಿ ಕೊಳ್ಳಬೇಡಿ. ಟೂಲ್ ಪೋಸ್ಟ್ ಕೂರುವ ಸ್ಲೈಡಿನ ಮೇಲ್ಮೈಯಿಂದ ಸೆಂಟರಿನವರೆಗೆ ಎಷ್ಟು ಎತ್ತರವಿದೆ ಅಂತ ಅಳೆದು ನೋಡಿ. ಹೋಲ್ಡರಿನ ತಳವೂ ದಪ್ಪ, ಟೂಲೂ ದಪ್ಪ ಆದರೆ ಎಷ್ಟು ಇಳಿಸಿದರೂ ತುದಿ ಸೆಂಟರಿಗಿಂತ ಮೇಲೇ ಉಳಿಯುತ್ತದೆ. ಆಗ ತಂದ ಪೋಸ್ಟು ಪೇಪರ್‌ವೇಟು.

ಸ್ವಿಟ್ಜರ್ಲೆಂಡಿನ ಮಲ್ಟಿಫಿಕ್ಸ್ ಅಂತ ಇನ್ನೊಂದು ವಂಶ ಇದೆ. ಗುಂಡನೆಯ ಪೋಸ್ಟು, ಸುತ್ತಲೂ ಹಲ್ಲು, ಒಂಬತ್ತೊಂಬತ್ತು ಡಿಗ್ರಿಗೆ ಒಂದರಂತೆ ನಲವತ್ತು ಕಡೆ ನಿಲ್ಲಿಸಬಹುದು. ನೋಡಿದರೆ ಜೊಲ್ಲು ಸುರಿಯುತ್ತದೆ. ಆದರೆ ಅದರ ನಕಲಿನ ಹೋಲ್ಡರುಗಳೂ ತುಟ್ಟಿ, ಎಲ್ಲ ಕಡೆ ಸಿಗುವುದೂ ಇಲ್ಲ. ಪೋಸ್ಟು ಒಂದು ಸಲದ ಖರ್ಚು, ಹೋಲ್ಡರು ಜೀವನಪೂರ್ತಿ ಖರ್ಚು. ಪ್ರಿಂಟರ್ ಅಗ್ಗ, ಇಂಕು ತುಟ್ಟಿ ಅನ್ನುವ ಕತೆ.

ಉಳಿದದ್ದು ಪಿಸ್ಟನ್ನೋ ವೆಜ್ಜೋ ಅನ್ನುವ ಪ್ರಶ್ನೆ. ಪಿಸ್ಟನ್ ನಮೂನೆಯಲ್ಲಿ ಹಿಡಿಕೆ ತಿರುವಿದರೆ ಪೋಸ್ಟಿನ ಒಳಗಿನಿಂದ ಒಂದು ಗುಂಡು ಕಡ್ಡಿ ಹೊರಬಂದು ಹೋಲ್ಡರನ್ನು ಹೊರಗೆ ನೂಕಿ, ಡವ್‌ಟೇಲ್ ಗಾಡಿಗೆ ಒತ್ತಿ ಹಿಡಿಯುತ್ತದೆ. ವೆಜ್ಜಿನಲ್ಲಿ ಒಂದು ಬೆಣೆ ಸರಿದು ಹೋಲ್ಡರನ್ನು ಪೋಸ್ಟಿನ ಕಡೆಗೆ ಎಳೆದು ಕಚ್ಚಿಸುತ್ತದೆ. ಒಂದು ದೂಡುತ್ತದೆ, ಇನ್ನೊಂದು ಎಳೆಯುತ್ತದೆ. ಇಂಟರ್ನೆಟ್ಟಿನಲ್ಲಿ ಇದರ ಬಗ್ಗೆ ಜನ ವಿಮ್ಮು-ಇಮ್ಯಾಕ್ಸಿಗೆ ಹೊಡೆದಾಡಿದ ಹಾಗೆ ಹೊಡೆದಾಡುತ್ತಾರೆ. ನಾನು ಮೂರು ವಾರ ಸ್ಪ್ರೆಡ್‌ಶೀಟ್ ಮಾಡಿದೆ. ಕೊನೆಗೆ ಫೋನಿನಲ್ಲಿ ಅಪ್ಪನಿಗೆ ವಿವರಿಸಿದೆ. ಆತ ಒಂದೇ ಮಾತು ಕೇಳಿದ.

‘ಸಲಿಕಿ ಕಾವು ಸಡ್ಲಾದ್ರ ಏನ್ ಹೊಡೀತಾರ?’

‘ಬೆಣಿ.’

‘ಮತ್ತ? ಬೆಣಿ ಇದ್ದದ್ದು ತೊಗೊಂಡ ಬಾ. ತರೂದಾದ್ರ.’

ಆ ‘ತರೂದಾದ್ರ’ ನನಗೆ ಚುಚ್ಚಿತು.

ಒಂದು ಶನಿವಾರ ನಿಪ್ಪಾಣಿ ದಾಟಿ ಹೈವೇ ಹಿಡಿದು ಕೊಲ್ಹಾಪುರಕ್ಕೆ ಹೋದೆವು. ಅಪ್ಪ ಬರುವುದಿಲ್ಲ ಅಂದವನು ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಕಾರಿನ ಹತ್ತಿರ ನಿಂತಿದ್ದ. ಗೋಕುಲ ಶಿರಗಾವ, ಶಿರೋಲಿ ಕಡೆಯ ಫೌಂಡ್ರಿಗಳ ದೆಸೆಯಿಂದ ಆ ಊರಲ್ಲಿ ಲೇತಿನ ಸಾಮಾನು ಕೇಳಿದರೆ ಯಾರೂ ಮುಖ ನೋಡುವುದಿಲ್ಲ. ದಾರಿಯುದ್ದಕ್ಕೂ ಅಪ್ಪ ಕಿರ್ಲೋಸ್ಕರರ ಕತೆ ಹೇಳಿದ: 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ, 1910ರಲ್ಲಿ ಕುಂಡಲದ ಬಯಲಿನಲ್ಲಿ ಕಿರ್ಲೋಸ್ಕರವಾಡಿ, 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್. ಅಪ್ಪ ಕೆಲಸ ಕಲಿತದ್ದು ಹರಿಹರದ ಲೇತಿನ ಮೇಲೆ. ಆ ಕಾರ್ಖಾನೆ ಈಗಿಲ್ಲ. ಅದನ್ನು ಅಪ್ಪ ಸತ್ತ ಗೆಳೆಯನ ಬಗ್ಗೆ ಹೇಳುವ ಹಾಗೆ ಹೇಳುತ್ತಾನೆ.

ಅಂಗಡಿಯವರು ‘ಯಾ ಪಾವ್ಹಣಂ’ ಅಂತ ಚಹಾ ತರಿಸಿದರು. ಪಿಸ್ಟನ್ನಿನ ಸೆಟ್ಟು, ವೆಜ್ಜಿನ ಸೆಟ್ಟು ಎರಡನ್ನೂ ಕೌಂಟರಿನ ಮೇಲಿಟ್ಟರು. ಅಪ್ಪ ಹೋಲ್ಡರನ್ನು ಹಾಕಿ, ಹಿಡಿಕೆ ಬಿಗಿಯದೆ, ಕಣ್ಣು ಮುಚ್ಚಿ ಅಲ್ಲಾಡಿಸಿ ನೋಡಿದ. ಪಿಸ್ಟನ್ನಿನ ಐದು ಹೋಲ್ಡರಿನಲ್ಲಿ ಎರಡು ಕಟಕಟ ಅಂದವು. ಬಿಗಿದರೆ ಗಟ್ಟಿಯಾದವು, ಸುಳ್ಳು ಹೇಳಬಾರದು. ಹವ್ಯಾಸಕ್ಕೆ ಮಾಡುವವರಿಗೆ ಪಿಸ್ಟನ್ ಧಾರಾಳ ಸಾಕು, ರೊಕ್ಕವೂ ಉಳಿಯುತ್ತದೆ. ನಾವು ವೆಜ್ ತಗೊಂಡೆವು. ಒಟ್ಟು ನನ್ನ ಫೋನಿನ ಬೆಲೆಯ ಅರ್ಧ ಆಯಿತು. ಅಪ್ಪನಿಗೆ ಅದರ ಅರ್ಧ ಹೇಳಿದೆ.

ಸೆಟ್ಟಿನಲ್ಲಿ ಐದು ಬರುತ್ತವೆ: ಸಾದಾ ಟರ್ನಿಂಗಿಗೆ 1ನೇ ನಂಬರು, ತಳದಲ್ಲಿ ವಿ ಗಾಡಿ ಇರುವ 2ನೇದು, ದಪ್ಪ ಬೋರಿಂಗ್ ಬಾರಿಗೆ 4ನೇದು, ಪಾರ್ಟಿಂಗ್ ಬ್ಲೇಡಿಗೆ 7ನೇದು, ನರ್ಲಿಂಗಿನ 10ನೇದು. ನಿಜವಾಗಿ ಬೇಕಾಗುವುದು 1 ಮತ್ತು 2, ಅವೇ ನಾಲ್ಕಾರು. ನರ್ಲಿಂಗಿನದು ನಮ್ಮಲ್ಲಿ ಇನ್ನೂ ಎಣ್ಣೆ ಕಾಗದದಲ್ಲೇ ಇದೆ.

ತಂದ ಕೂಡಲೇ ಕೂರಿಸಲು ಬರುವುದಿಲ್ಲ. ನಮ್ಮ ಲೇತಿನ ಬೋಲ್ಟು ಪೋಸ್ಟಿನ ತೂತಿಗಿಂತ ಸಣ್ಣದು, ನಡುವೆ ಬುಶ್ ಬೇಕು. ಬುಶ್ ಮಾಡಬೇಕಾದದ್ದು ಅದೇ ಲೇತಿನಲ್ಲಿ, ಅದೇ ಹಳೇ ಚೌಕದ ಪೋಸ್ಟಿನಲ್ಲಿ. ಕೊನೆಗೆ ಅದನ್ನು ರಾಡಿನಿಂದ ಕತ್ತರಿಸಿ ಬೇರೆ ಮಾಡಬೇಕಾದದ್ದು ಪಾರ್ಟಿಂಗ್ ಟೂಲಿನಲ್ಲೇ.

ಅವ್ವ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಪ್ಯಾಕಿಂಗಿನ ಡಬ್ಬಿ ತೆಗೆದ. ಒಂದು ಪಟ್ಟಿ ಸರಿಸಿದ, ಇನ್ನೊಂದು ಸರಿಸಿದ. ಕೈ ನಿಂತಿತು. ಆಮೇಲೆ ಸ್ಟೀಲ್ ಸ್ಕೇಲನ್ನು ನನ್ನ ಕೈಗೆ ಕೊಟ್ಟ.

‘ರಾಡಿಗೂ ಟೂಲಿಗೂ ನಡು ಹಿಡಿ. ನೆಟ್ಟಗ ನಿಂತೈತೇನ ನೋಡು.’

ಸ್ಕೇಲು ನೆಟ್ಟಗೆ ನಿಂತರೆ ಟೂಲು ಸೆಂಟರಿನಲ್ಲಿದೆ, ವಾಲಿದರೆ ಇಲ್ಲ. ವಾಲಿತ್ತು. ಹೇಳಿದೆ.

‘ಎಷ್ಟ?’

‘ತಂಬಾಕಿನ ಡಬ್ಬಿದು ಒಂದು ಹಾಕಬೇಕಪಾ.’

ನಾನು ಡಬ್ಬಿಯಲ್ಲಿ ಹುಡುಕಿ ಸರಿಸಿದೆ. ಅಪ್ಪ ಬೋಲ್ಟು ಬಿಗಿದ. ನಾನು ಮತ್ತೆ ಸ್ಕೇಲ್ ಹಿಡಿದೆ. ಮೂರನೇ ಸಲಕ್ಕೆ ನೆಟ್ಟಗಾಯಿತು. ಅಪ್ಪ ಸ್ಪೀಡು ಇಳಿಸಿ, ಬ್ರಶ್ಶಿನಿಂದ ಎಣ್ಣೆ ಬಿಡುತ್ತಾ ಕೈ ಒತ್ತಿದ. ಹಿಡಿಕೆಯ ಮೇಲೆ ಭಾರ ಬಿದ್ದ ಕೂಡಲೇ ಆ ಕೈ ನಡುಗುವುದು ನಿಂತಿತ್ತು. ಬುಶ್ ಟಪ್ಪನೆ ಟ್ರೇಗೆ ಬಿತ್ತು. ಅವ್ವ ಒಳಗೆ ಹೋದಳು.

ಹೊಸ ಪೋಸ್ಟು ಕೂತ ಮೇಲೆ ಡಯಲ್ ಗೇಜ್ ಇಟ್ಟು ಒಂದೇ ಹೋಲ್ಡರನ್ನು ಹತ್ತು ಸಲ ತೆಗೆದು ಹಾಕಿ ನೋಡಿದೆವು. ಮುಳ್ಳು ಎರಡು-ಮೂರು ಗೀಟಿನ ಮೇಲೆ ಕದಲಲಿಲ್ಲ, ಅಂದರೆ ಮಿಲಿಮೀಟರಿನ ನೂರರಲ್ಲಿ ಎರಡೋ ಮೂರೋ. ಎಲ್ಲ ಹೋಲ್ಡರಿನ ಎತ್ತರವನ್ನು ನಾನು ಹೊಂದಿಸಿ ಲಾಕ್ ಮಾಡಿದೆ. ಅಪ್ಪ ಬಿಳಿ ಪೇಂಟಿನಲ್ಲಿ ಅವುಗಳ ಮೇಲೆ ಹೆಬ್ಬೆರಳಿನಷ್ಟು ದಪ್ಪ ಅಂಕಿ ಬರೆದ.

ಒಂದು ತಕರಾರು ಉಳಿಯಿತು. ಹೊಸದರಲ್ಲಿ ಟೂಲು ಸ್ಲೈಡಿನಿಂದ ಸ್ವಲ್ಪ ಹೊರಗೆ ಚಾಚಿಕೊಂಡಿರುತ್ತದೆ, ಆದ್ದರಿಂದ ದಪ್ಪ ರಾಡಿನ ಪಾರ್ಟಿಂಗಿಗೆ ಕಿರುಗುಟ್ಟುತ್ತದೆ. ಇದನ್ನು ಓದಿದ್ದೆ, ನಂಬಿರಲಿಲ್ಲ. ಅಪ್ಪ ಅಂಥ ಕೆಲಸಕ್ಕೆ ಹಳೇ ಚೌಕವನ್ನೇ ಕೂರಿಸುತ್ತಾನೆ. ಅಂಥ ಕೆಲಸವನ್ನೆಲ್ಲ ನಾನು ಊರಿಗೆ ಬರುವ ಶನಿವಾರಕ್ಕೆ ಇಟ್ಟಿರುತ್ತಾನೆ. ಮೊನ್ನೆ ಶುಕ್ರವಾರ ಸ್ಟ್ಯಾಂಡಪ್ ಮೀಟಿಂಗಿನ ನಡುವೆ ಫೋನ್ ಬಂತು.

‘ಬರೂವಾಗ 1ನೇ ನಂಬರಿಂದು ಇನ್ನ ಎರಡು ತೊಗೊಂಡ ಬಾ. ಮತ್ತ ನಿಮ್ಮವ್ವಗ ರೇಟ್ ಹೇಳಬ್ಯಾಡ.’