ಗಲ್ಲಾಪೆಟ್ಟಿಗೆಯ ಗಣಿತ

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ನಾನು ಹೋಗುವುದು ಅಂಗಡಿ ಮುಚ್ಚುವ ಹೊತ್ತಿಗೆ. ಹಣ್ಣಿನ ಬೆಲೆ ಇಳಿದಿರುತ್ತದೆ ಎನ್ನುವುದು ಒಂದು ಕಾರಣ. ಗಲ್ಲಾಪೆಟ್ಟಿಗೆ ಎಣಿಸುವುದನ್ನು ನೋಡಬಹುದು ಎನ್ನುವುದು ಇನ್ನೊಂದು. ದಿನವಿಡೀ ಬಂದ ಹತ್ತು, ಇಪ್ಪತ್ತು, ನೂರರ ನೋಟುಗಳು ಅದರಲ್ಲಿ ಕಲಸಿಕೊಂಡು ಬಿದ್ದಿರುತ್ತವೆ. ನಾನು ಮೋಸಂಬಿ ಕೊಳ್ಳುವ ಭಾಯ್ ಎಲ್ಲವನ್ನೂ ಗೋಣಿತಟ್ಟಿನ ಮೇಲೆ ಸುರಿದು, ಹತ್ತರವನ್ನು ಒಂದು ಕಡೆ, ಇಪ್ಪತ್ತರವನ್ನು ಒಂದು ಕಡೆ ಜೋಡಿಸಿ, ಆಮೇಲೆ ಒಂದೊಂದೇ ಕಟ್ಟನ್ನು ಎಣಿಸುತ್ತಾರೆ. “ಬಂದಂಗೇ ಕೂಡ್ತಾ ಹೋದ್ರೆ, ಮಧ್ಯ ಯಾರಾದ್ರೂ ಗಿರಾಕಿ ಮಾತಾಡಿಸಿದ್ರೆ ಲೆಕ್ಕ ಹೋಯ್ತು ಸಾರ್. ಜೋಡಿಸಿಬಿಟ್ರೆ ಎಲ್ಲೂ ಹೋಗಲ್ಲ” ಅಂದರು ಒಮ್ಮೆ.

ಫ್ರಾನ್ಸಿನ ಗಣಿತಜ್ಞ ಲೆಬೆಗ್ 1926ರಲ್ಲಿ ಕೋಪನ್‌ಹೇಗನ್ನಿನ ಭಾಷಣದಲ್ಲಿ ಹೇಳಿದ್ದೂ ಇದನ್ನೇ. ಕೈಗೆ ಸಿಕ್ಕ ಕ್ರಮದಲ್ಲಿ ನಾಣ್ಯ ಕೂಡುವ ವ್ಯಾಪಾರಿಯದು ಹಳೆಯ, ಗಣಿತಜ್ಞ ರೀಮಾನ್ ಅವರ ಅನುಕಲನ (ಇಂಟಿಗ್ರೇಷನ್). ಬೆಲೆಯ ಪ್ರಕಾರ ಗುಡ್ಡೆ ಹಾಕಿ ಕೂಡುವವನದು ಲೆಬೆಗ್ ಅವರದು. ನಾಲ್ಕು ನಾಣ್ಯವಿದ್ದಾಗ ಎರಡೂ ಒಂದೇ. ಲೆಕ್ಕ ಅನಂತಕ್ಕೆ ಹೋದಾಗ ಮೊದಲನೆಯ ದಾರಿ ಎಷ್ಟೋ ಕಡೆ ನಿಂತುಬಿಡುತ್ತದೆ, ಎರಡನೆಯದು ಮುಂದೆ ಸಾಗುತ್ತದೆ.

ಈ ಗುಡ್ಡೆ ಹಾಕುವ ಬುದ್ಧಿಯನ್ನು ಒಂದು ಮೆಟ್ಟಿಲು ಮೇಲಕ್ಕೆ ಒಯ್ದರೆ ಸಿಗುವುದೇ ‘ಸ್ಪೆಕ್ಟ್ರಲ್ ಮೆಷರ್’, ರೋಹಿತದ ಅಳತೆ. ಹೆಸರು ಕೇಳಿ ಹೆದರಬೇಡಿ, ಮೃದಂಗ ಕೇಳಿ. ಇಂದಿರಾನಗರದ ಪುರಂದರ ಭವನದಲ್ಲಿ ಕಚೇರಿಗೆ ಕೂತಾಗೆಲ್ಲ ನನ್ನ ಕಣ್ಣು ಮೃದಂಗದ ಬಲಮುಖದ ಕಪ್ಪು ಲೇಪ, ಕರಣೆಯ ಮೇಲೆಯೇ. ಸಾಧಾರಣ ಡೋಲಿನ ಚರ್ಮ ಹಲವು ಬಗೆಯಲ್ಲಿ ಕಂಪಿಸುತ್ತದೆ, ಒಂದರ ಶ್ರುತಿಗೆ ಇನ್ನೊಂದರದು ಹೊಂದುವುದಿಲ್ಲ. ಕರಣೆಯ ಭಾರ ಬಿದ್ದೊಡನೆ ಅವು ಸಾಲಿಗೆ ಬರುತ್ತವೆ. ಸಿ.ವಿ. ರಾಮನ್ 1920ರಲ್ಲೂ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲೂ ಇದರ ಬಗ್ಗೆ ಬರೆದರು. ಒಂಬತ್ತು ಬಗೆಯ ಕಂಪನಗಳು ಐದೇ ಸ್ವರಗಳಾಗಿ ಗುಂಪುಗೂಡುತ್ತವೆ: ಮೊದಲೆರಡರಲ್ಲಿ ಒಂದೊಂದು, ಮೂರು ಮತ್ತು ನಾಲ್ಕರಲ್ಲಿ ಎರಡೆರಡು, ಐದರಲ್ಲಿ ಮೂರು. ಆಕಾರ ಬೇರೆ, ಬೆಲೆ ಒಂದೇ. ಗೋಣಿತಟ್ಟಿನ ಮೇಲಿನ ಕಟ್ಟುಗಳೇ ಅಲ್ಲವೇ ಇವು?

ಚರ್ಮ ಹೀಗೆ ಬಾಗಿದರೆ ಎಲ್ಲಿ ಎಷ್ಟು ಬಲದಿಂದ ಹಿಂದಕ್ಕೆ ಎಳೆಯುತ್ತದೆ ಎಂದು ಹೇಳುವ ನಿಯಮಕ್ಕೆ ಗಣಿತದವರು ಆಪರೇಟರ್ ಎನ್ನುತ್ತಾರೆ. ಆ ಎಳೆತದ ಬಲವೇ ಇಲ್ಲಿ ಬೆಲೆ. ಆಪರೇಟರಿನ ಸ್ಪೆಕ್ಟ್ರಲ್ ಮೆಷರ್ ಒಂದು ಜರಡಿಗಳ ಸರಣಿ. ‘ಇಷ್ಟರಿಂದ ಇಷ್ಟರವರೆಗಿನ ಬೆಲೆ’ ಎಂದು ಹೇಳಿದರೆ, ಯಾವ ಕಂಪನದಿಂದಲೂ ಆ ಬೆಲೆಯ ಪಾಲನ್ನಷ್ಟೇ ಉಳಿಸುವ ಜರಡಿಯನ್ನು ಕೊಡುತ್ತದೆ. ಅದೇ ಜರಡಿಯಲ್ಲಿ ಎರಡು ಸಲ ಆಡಿಸಿದರೂ ಫಲ ಒಂದೇ. ಬೇರೆ ಬೇರೆ ಬೆಲೆಯ ಎರಡು ಜರಡಿಗಳಲ್ಲಿ ಒಂದರ ನಂತರ ಒಂದು ಆಡಿಸಿದರೆ ಏನೂ ಉಳಿಯುವುದಿಲ್ಲ. ಪ್ರತಿ ಜರಡಿಯನ್ನೂ ಅದರ ಬೆಲೆಯಿಂದ ಗುಣಿಸಿ ಕೂಡಿದರೆ ಮೂಲ ಆಪರೇಟರ್ ಇಡಿಯಾಗಿ ಮರಳಿ ಬರುತ್ತದೆ. ಆ ಕೂಡಿಕೆಯೇ ಇಲ್ಲಿನ ಅನುಕಲನ.

ನನಗೆ ಅತ್ಯಂತ ಸುಂದರವಾಗಿ ಕಾಣುವುದು ಮುಂದಿನ ಹೆಜ್ಜೆ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ಹಳೆಯ ನೋಟುಗಳ ಚಲಾವಣೆ ರದ್ದಾಯಿತು. ಕಟ್ಟುಗಳು ಇದ್ದಲ್ಲೇ ಇದ್ದವು, ಬೆಲೆ ಮಾತ್ರ ಬದಲಾಯಿತು. ಆಪರೇಟರಿನ ವರ್ಗಮೂಲ ಬೇಕೆಂದರೆ ಮಾಡುವುದೂ ಇಷ್ಟೇ: ಜರಡಿಗಳನ್ನು ಮುಟ್ಟದೆ ಪ್ರತಿ ಬೆಲೆಯ ಜಾಗದಲ್ಲಿ ಅದರ ವರ್ಗಮೂಲ ಇಡುವುದು. ಮೃದಂಗದಲ್ಲಿ ಕಂಪನದ ವೇಗ, ಅಂದರೆ ಶ್ರುತಿ, ಸಿಗುವುದು ಹಾಗೆಯೇ.

ಹಾಗಾದರೆ ಸುಮ್ಮನೆ ಕೂಡಿದರೆ ಸಾಲದೆ, ಅನುಕಲನ ಯಾಕೆ ಬೇಕು? ಮಳೆ ನಿಂತ ಸಂಜೆ ಹಲಸೂರು ಕೆರೆಯ ಮೇಲಿನ ಕಾಮನಬಿಲ್ಲು ನೋಡಿ. ಬಣ್ಣ ಎಡೆಬಿಡದೆ ಹರಿದಿರುತ್ತದೆ. ಯಾವುದೇ ಒಂದೇ ಒಂದು ಬಿಂದುವಿನ ಬಣ್ಣಕ್ಕೆ ಬೆಳಕಿನ ಪಾಲು ಸೊನ್ನೆ. ‘ಇಲ್ಲಿಂದ ಇಲ್ಲಿಗೆ’ ಎಂದರೆ ಮಾತ್ರ ಪಾಲುಂಟು. ಇಂಥ ಆಪರೇಟರುಗಳೂ ಇವೆ. ಅಲ್ಲಿ ಕಟ್ಟು ಕಟ್ಟಲು ಬಿಡಿ ನೋಟುಗಳೇ ಇಲ್ಲ, ಪಟ್ಟಿಗಳಷ್ಟೇ.

ಗಣಿತಜ್ಞ ಹಿಲ್ಬರ್ಟ್ ಈ ಬೆಲೆಗಳ ಗುಂಪಿಗೆ ‘ಸ್ಪೆಕ್ಟ್ರಮ್’ ಎಂದು ಹೆಸರಿಟ್ಟಾಗ ಕ್ವಾಂಟಮ್ ಮೆಕ್ಯಾನಿಕ್ಸ್ ಹುಟ್ಟಿರಲಿಲ್ಲ. ಪರಮಾಣುಗಳ ಬಣ್ಣದ ಗೆರೆಗಳೂ ಇದೇ ಲೆಕ್ಕದಿಂದ ಬಂದದ್ದು ಆಮೇಲೆ. ಗಣಿತಜ್ಞರಾದ ಫಾನ್ ನಾಯ್ಮನ್ ಮತ್ತು ಮಾರ್ಷಲ್ ಸ್ಟೋನ್ ಈ ವಿಷಯದ ಮೇಲೆ ಬರೆದ ದೊಡ್ಡ ಗ್ರಂಥಗಳೆರಡೂ ಬಂದದ್ದು 1932ರಲ್ಲೇ. ಕ್ವಾಂಟಮ್ ಅಳತೆಯ ಫಲ ಸಂಭವನೀಯತೆಯಾಗಿ ಸಿಗುತ್ತದೆ ಎಂದು 1926ರಲ್ಲಿ ತೋರಿಸಿದವರು ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಆ ಸಂಭವನೀಯತೆಯನ್ನು ಕೊಡುವುದು ಇದೇ ಜರಡಿ. ರಾಮನ್ ಅವರ ಕರೆಯ ಮೇಲೆ 1935-36ರಲ್ಲಿ ಬಾರ್ನ್ ಬೆಂಗಳೂರಿನಲ್ಲೇ ಕೆಲವು ತಿಂಗಳು ಇದ್ದರು. ಸ್ಟೋನ್ ತೀರಿಕೊಂಡದ್ದು 1989ರಲ್ಲಿ, ಮದರಾಸಿನಲ್ಲಿ.

ಇಷ್ಟು ಹತ್ತಿರ ಬಂದುಹೋದ ವಿದ್ಯೆ ನಮ್ಮ ಮಕ್ಕಳಿಗೆ ಬರೀ ಸೂತ್ರವಾಗಿ ಮುಟ್ಟುತ್ತಿದೆ ಎನ್ನುವುದು ನನ್ನ ಸಂಕಟ. ಗಣಿತದ ಮೇಷ್ಟ್ರುಗಳೇ, ಎಂ.ಎಸ್‌ಸಿ. ತರಗತಿಯಲ್ಲಿ ಈ ಪಾಠ ಬಂದ ದಿನ ಮೇಜಿನ ಮೇಲೆ ಒಂದು ಹಿಡಿ ಚಿಲ್ಲರೆ ಸುರಿದು, ಮಕ್ಕಳ ಕೈಯಲ್ಲಿ ಗುಡ್ಡೆ ಹಾಕಿಸಿ. ಸೂತ್ರವನ್ನು ಆಮೇಲೆ ಬರೆಯಿರಿ.